ಎಂಜಿನ್ ಮುಂದೆ ನಿಂತವಳು

ವಿಮಾನದ ಚಿತ್ರಪುಸ್ತಕಗಳ ಸ್ಪರ್ಧೆಗೆ ತೀರ್ಪುಗಾರಳಾಗಿ ಕೂತಿದ್ದೆ. ಮೂರನೇ ಪುಸ್ತಕದ ಮುಖಪುಟ ಕಂಡದ್ದೇ ತಡ, ಬಾಯಿಗೆ ಹೊರಟಿದ್ದ ಕಾಫಿ ಲೋಟ ಅರ್ಧ ದಾರಿಯಲ್ಲೇ ನಿಂತಿತು.

ಚಿತ್ರದಲ್ಲಿ ಯುದ್ಧವಿಮಾನವೊಂದು ಹಾರಲು ಸಿದ್ಧವಾಗಿತ್ತು. ಅದರ ಮುಂದೆ, ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡ ಮೆಕ್ಯಾನಿಕ್ ಹೆಂಗಸು. ಒಂದು ತೋಳು ಮಡಚಿದೆ, ಇನ್ನೊಂದು ಜೋತುಬಿದ್ದಿದೆ. ಅಂಗಿಯ ತೋಳನ್ನು ಹೀಗೆ ಅರ್ಧಂಬರ್ಧ ಮಡಚುವ ಸೋಮಾರಿ, ವಿಮಾನ ರಿಪೇರಿ ಮಾಡುವ ನಮ್ಮ ಹ್ಯಾಂಗರಿನಲ್ಲಿ ನಾನೊಬ್ಬಳೇ.

ಸ್ಪರ್ಧೆಗೆ ಹೆಸರು ಮುಚ್ಚಿ ಕಳಿಸಿದ್ದರೇನಂತೆ! ಬರೆದವನು ಯಾರೆಂದು ತಿಳಿಯಲು ನನಗೆ ಹೆಸರು ಬೇಕೇ?

ಹೋದ ವರ್ಷವೆಲ್ಲ ಅವನು ವಾಯುಪಡೆಯ ಅನುಮತಿ ಪಡೆದು ಸ್ಕೆಚ್ ಮಾಡಲು ಬರುತ್ತಿದ್ದ. ಜೊತೆಯವರು ಅವನಿಗೆ 'ಬಣ್ಣದಪ್ಪ' ಎಂದು ಹೆಸರಿಟ್ಟಿದ್ದರು. ವಿಮಾನ ಬರೆಯಲು ಬಂದವನ ಕಣ್ಣು ಮಾತ್ರ ನನ್ನ ಮೇಲೇ.

"ವಿಮಾನ ಆ ಕಡೆ ಇದೆ ಸ್ವಾಮಿ."

"ಎಷ್ಟು ದೊಡ್ಡದು ಅಂತ ಗೊತ್ತಾಗೋಕೆ ಪಕ್ಕದಲ್ಲಿ ಒಬ್ರು ಮನುಷ್ಯರು ಬೇಕಲ್ಲ."

"ಅದಕ್ಕೆ ಇಷ್ಟು ಹೊತ್ತು ನೋಡ್ಬೇಕಾ?"

"ನೀವು ಒಂದ್ಕಡೆ ನಿಂತ್ರೆ ತಾನೇ!"

ಒಂದು ಮಧ್ಯಾಹ್ನ ಎಂಜಿನ್ ಓಡುತ್ತಿರುವಾಗ ಅವನು ದೂರದಿಂದ ಏನೋ ಕೂಗಿ ಹೇಳಿದ. ನನಗೆ ತುಟಿ ಅಲ್ಲಾಡಿದ್ದಷ್ಟೇ ಕಂಡಿತು. ಏನೆಂದು ಸನ್ನೆ ಮಾಡಿದೆ. ಕಿವಿಯವರೆಗೂ ಕೆಂಪಾಗಿ, ಕೈಯಲ್ಲಾಡಿಸಿ ಹೋಗಿಬಿಟ್ಟ. ಆಮೇಲೆ ಎಷ್ಟು ಕೇಳಿದರೂ ಒಂದೇ ಮಾತು, "ಏನಿಲ್ಲ ಬಿಡಿ."

ಈಗ ಗೆದ್ದರೆ ಅವನಿಗೆ ನಮ್ಮ ವಿಮಾನ ಮ್ಯೂಸಿಯಮ್ಮಿನಲ್ಲಿ ಕೆಲಸ. ಸೋತರೆ ದೂರದೂರಿನಲ್ಲಿ ಅಣ್ಣನ ಬೋರ್ಡ್ ಬರೆಯುವ ಅಂಗಡಿ. ಇದನ್ನು ಅವನೇ ಹೇಳಿದ್ದ.

"ಇದನ್ನ ಬರೆದವರು ನನಗೆ ಗೊತ್ತಿರೋರು ಸರ್, ನಾನು ನೋಡ್ಬಾರದು," ಎಂದೆ.

"ವಿಮಾನ ಬರೆಯೋರೆಲ್ಲ ನಿಮಗೆ ಗೊತ್ತಿರೋರೇ ಅಲ್ವೇನಮ್ಮಾ?" ಎಂದರು ಸ್ಪರ್ಧೆ ನಡೆಸುತ್ತಿದ್ದ ಪ್ರಕಾಶಕರು. "ಚಂದ ಇದೆಯೋ ಇಲ್ವೋ ನಾವು ನೋಡ್ಕೋತೀವಿ. ತಾಂತ್ರಿಕವಾಗಿ ಸರಿ ಇದೆಯಾ, ಅಷ್ಟು ಹೇಳಿ."

ಮತ್ತೆ ನೋಡಿದೆ. ವಿಮಾನದ ಹಿಂದೆ ಗಾಳಿ ಕಾದು ನಡುಗುತ್ತಿತ್ತು. ಅಂದರೆ ಎಂಜಿನ್ ಓಡುತ್ತಿದೆ. ನಾನೋ, ಗಾಳಿ ಎಳೆದುಕೊಳ್ಳುವ ಅದರ ಬಾಯಿಗೆ ನೇರ ಎದುರಿಗಿದ್ದೇನೆ! ಆ ಬಾಯಿ ಮನುಷ್ಯರನ್ನೂ ಎಳೆದುಕೊಳ್ಳುತ್ತದೆ. ಅಲ್ಲಿ ಯಾರೂ ನಿಲ್ಲಬಾರದು ಎಂಬುದು ನಮ್ಮ ಮೊದಲ ದಿನದ ಪಾಠ. ಗೆದ್ದ ಪುಸ್ತಕ ಹೋಗುವುದು ವಾಯುಪಡೆಗೆ ಹೊಸದಾಗಿ ಸೇರುವವರ ಕೈಗೆ. ಅದಕ್ಕೇ ಇಂಥ ತಪ್ಪಿದ್ದರೆ ಪುಸ್ತಕ ಹೊರಗೆ.

ಅಯ್ಯೋ ಪುಣ್ಯಾತ್ಮ, ಒಂದು ವರ್ಷ ನೋಡಿ ಕಲಿತದ್ದು ಇದೇನಾ! ಬಾಯಿ ಬಿಟ್ಟರೆ ಅವನು ಊರು ಬಿಡುತ್ತಾನೆ. ಬಿಡದಿದ್ದರೆ ಯಾವಳೋ ಹೊಸ ಹುಡುಗಿ ಈ ಚಿತ್ರ ನೋಡಿ ಅಲ್ಲೇ ಹೋಗಿ ನಿಲ್ಲುತ್ತಾಳೆ.

"ತಪ್ಪಿದೆ ಸರ್," ಎಂದು ತೋರಿಸಿದೆ.

"ಛೇ, ಎಂಥಾ ಕೈ ಇತ್ತಲ್ರೀ ಇವನದು!" ಎನ್ನುತ್ತ ಜೊತೆಗಿದ್ದ ಡ್ರಾಯಿಂಗ್ ಮೇಷ್ಟ್ರು ಪುಸ್ತಕವನ್ನು ಪಕ್ಕಕ್ಕಿಟ್ಟರು.

ಸಂಜೆ ಫಲಿತಾಂಶ ಹೇಳಿದ ಮೇಲೆ ಅವನು ಮೆಟ್ಟಿಲ ಹತ್ತಿರ ಸಿಕ್ಕಿದ. ಹೆಗಲಲ್ಲಿ ಚೀಲ. ರಾತ್ರಿ ಬಸ್ಸಿಗೆ ಟಿಕೆಟ್ ಆಗಿತ್ತು.

"ತಪ್ಪು ಹಿಡಿದಿದ್ದು ನೀವೇ ತಾನೇ?"

"ನಾನೇ. ಬೈಯಿರಿ."

"ನೀವು ಹಿಡೀದೇ ಇದ್ದಿದ್ರೆ ಬೇಜಾರಾಗ್ತಿತ್ತು."

"ಎಂಜಿನ್ ಮುಂದೆ ಯಾಕ್ರೀ ನಿಲ್ಲಿಸಿದ್ರಿ ನನ್ನ? ಪಕ್ಕದಲ್ಲಿ ಜಾಗ ಇರಲಿಲ್ವಾ?"

"ಪಕ್ಕದಲ್ಲಿ ನಿಲ್ಲಿಸಿದ್ರೆ ಮುಖ ರೆಕ್ಕೆಯ ಹಿಂದೆ ಹೋಗ್ತಿತ್ತು. ಮುಖ ಬರೆಯೋಕೇ ಪುಸ್ತಕ ಶುರು ಮಾಡಿದ್ದು." ನೆಲ ನೋಡುತ್ತಲೇ ಹೇಳಿದ.

ಅವನನ್ನು ಕಳಿಸುತ್ತಿರುವವಳು ನಾನೇ, ಹೋಗಬೇಡ ಎನ್ನಲು ಯಾವ ಬಾಯಿ ಇದೆ?

"ತಿದ್ದಿ ಮುಂದಿನ ವರ್ಷ ಮತ್ತೆ ಕಳಿಸ್ತೀನಿ," ಎಂದ.

"ನನ್ನ ಪಕ್ಕಕ್ಕೆ ಸರಿಸ್ತೀರಾ?"

"ಇಲ್ಲ. ಎಂಜಿನ್ ಆಫ್ ಮಾಡ್ತೀನಿ."

ನಗು, ಅಳು ಎರಡೂ ಒಟ್ಟಿಗೆ ಬಂದವು. "ಹಾಗಾದ್ರೆ ಅವಳ ಕಿವಿಮುಚ್ಚಳನೂ ತೆಗೆದುಬಿಡಿ," ಎಂದೆ. "ಅವತ್ತು ಕೂಗಿದ್ದು ಏನು ಅಂತ ಈಗಲಾದ್ರೂ ಹೇಳಿ."

ಹೇಳಿದ. ಮೆತ್ತಗೆ, ಮೆಟ್ಟಿಲ ಕಂಬಿ ಹಿಡಿದುಕೊಂಡು. ಒಂದಕ್ಷರವೂ ಬಿಡದೆ ಕೇಳಿಸಿತು.

ಬಸ್ಸಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. "ಏನು? ಕೇಳಿಸಲಿಲ್ಲ," ಎಂದು ಇನ್ನೊಂದು ಸಲ ಹೇಳಿಸಿದೆ.