ಸಾಹೇಬರ ಹಾಡನ್ನು ಹಾಡಿದವನು

"ಆ ಹಾಡು ಬೇಡ," ಎಂದು ಬೆಲಿಂಡಾ ತಗ್ಗಿದ ದನಿಯಲ್ಲಿ ಹೇಳಿದಳು. "ಬೇರೆ ಯಾವುದಾದರೂ ಹಾಡಿ."

ಮೈಕು ಹಿಡಿದು ನಿಂತಿದ್ದ ಅಪರಿಚಿತ ಯುವಕ ನಕ್ಕ. "ಎಂತಕ್ಕೆ? ಇಲ್ಲಿ ಹಾಡಿಗೂ ಇಕಾಮಾ ಪರವಾನಗಿ ಬೇಕಾ ಮಾರಾಯ್ರೆ?"

ಅವಳು ಉತ್ತರಿಸುವ ಮೊದಲೇ ಅವನ ಬೆರಳು ಕರೋಕೆ ಯಂತ್ರದ ಗುಂಡಿಯನ್ನು ಒತ್ತಿಯಾಗಿತ್ತು.

ಸೌದಿ ಕಡಲತೀರದ ಅಲ್ ಖಫ್ಜಿಯ ಆ ಜಪಾನಿ ತೈಲ ಕಂಪನಿಯ ಕ್ಯಾಂಪಿನಲ್ಲಿ ಗುರುವಾರದ ಸಂಜೆ ಎಂಕಾ ಹಾಡುಗಳಿಗೆ ಮೀಸಲು. ಎಂಕಾ ಎಂದರೆ ಜಪಾನಿನ ಹಳೆಯ ವಿರಹಗೀತೆಗಳು. ಬಂದರು, ಹಿಮ, ಮದ್ಯ, ಅಗಲಿಕೆ... ಗಂಟಲಿನಲ್ಲಿ ಸ್ವರವನ್ನು ನಡುಗಿಸಿ ತಿರುವಿದರೆ ಮಾತ್ರ ಅವುಗಳಿಗೆ ಜೀವ ಬರುತ್ತದೆ. ಮದ್ಯದ ದುಃಖವನ್ನು ಜಪಾನಿ ಇಂಜಿನಿಯರುಗಳು ವಿಮ್ಟೋ ಶರಬತ್ತು ಹೀರುತ್ತ ಹಾಡುತ್ತಿದ್ದರು. ಯಂತ್ರದ ಬಳಿ ಕೂರುತ್ತಿದ್ದವಳು ಶಿರ್ವದ ಬೆಲಿಂಡಾ. ಮ್ಯಾನೇಜರರ ಕಾರ್ಯದರ್ಶಿಯಾಗಿ ವರ್ಷಗಳನ್ನು ಕಳೆದಿದ್ದ ಅವಳಿಗೆ ಆ ಹಾಡುಗಳ ಅರ್ಥ ತಿಳಿಯುವಷ್ಟು ಜಪಾನಿ ಬಂದಿತ್ತು.

ಅಲ್ಲಿ ಒಂದು ಕಟ್ಟುಪಾಡಿತ್ತು. ಹಿರಿಯನೊಬ್ಬ ತನ್ನದೆಂದು ಆರಿಸಿಕೊಂಡ ಹಾಡನ್ನು ಕಿರಿಯರು ಮುಟ್ಟಬಾರದು. ಬಾರದ ದೋಣಿಗಾಗಿ ಹಿಮ ಸುರಿಯುವ ಬಂದರಿನಲ್ಲಿ ಕಾಯುವ ಹೆಣ್ಣಿನ ಹಾಡು ಮ್ಯಾನೇಜರ್ ಕುರಾಟಾ ಅವರದು.

ಯುವಕ ಅದನ್ನೇ ಹಾಡಿದ. ಎಷ್ಟು ಚೆನ್ನಾಗಿ ಹಾಡಿದನೆಂದರೆ, ಬೆಲಿಂಡಾ ಭಯವನ್ನೂ ಮರೆತಳು. ಎರಡನೆಯ ಚರಣಕ್ಕೆ ಕುರಾಟಾ ಎದ್ದು ಹೊರಗೆ ನಡೆದರು.

ಮುಂದಿನ ಸಾಲಿನವರು ವಿಮ್ಟೋ ಲೋಟಗಳನ್ನು ಕೆಳಗಿಟ್ಟರು.

ಹಿಂದೆ ಕ್ಯಾಂಪಿನ ಕೆಲಸಗಾರ ಶಿಹಾಬ್ ಇದನ್ನು ಹಾಡಿದಾಗಲೂ ಅವರು ಹೀಗೆಯೇ ಎದ್ದು ಹೋಗಿದ್ದರು, ಅವನ ಜೊತೆಗಾರ ಅರ್ಕಮ್ ಹಾಡಿದಾಗಲೂ. ಇಬ್ಬರನ್ನೂ ಕಡಲ ನಡುವಿನ ನಾಲ್ಕನೇ ಪ್ಲಾಟ್‌ಫಾರ್ಮಿಗೆ, ಕಂಪನಿಯ ಅತ್ಯಂತ ಹಳೆಯ ತೈಲಕಟ್ಟೆಗೆ, ಕಳುಹಿಸಲಾಯಿತು. ಶಿಹಾಬ್ ಸೊಂಟ ಮುರಿದುಕೊಂಡು ಊರು ಸೇರಿದ. ಅರ್ಕಮ್‌ನ ಹೆಣ ಊರು ಸೇರಿತು.

ಹಾಡಿಗೆ ಶಾಪವಿದೆಯೆಂದು ಕ್ಯಾಂಪು ನಂಬಿತು. ಮನುಷ್ಯನ ಅಪರಾಧವನ್ನು ವಿಧಿಯ ತಲೆಗೆ ಕಟ್ಟುವುದು ಎಷ್ಟು ಸುಲಭ!

ಯುವಕನ ಹೆಸರು ಆಸ್ಟಿನ್. ಬೆಸುಗೆ ಕೆಲಸದ ಪರೀಕ್ಷಕ. ಜಿದ್ದಾದಲ್ಲಿ ಜಪಾನಿ ಹಡಗೊಂದರ ದುರಸ್ತಿಗೆ ಹೋದಾಗ ಆ ಹಾಡು ಕಲಿತಿದ್ದ. ಮರುವಾರ ಅವನು ಕಚೇರಿಗೆ ಬಂದು ತಲೆ ಕೆರೆದುಕೊಂಡ.

"ನೀವು ಹೇಳಿದ್ದು ಕೇಳಬೇಕಿತ್ತು. ಸಾಹೇಬ್ರು ನನ್ನನ್ನು ನೋಡಿದ್ರೆ ಗೋಡೆ ನೋಡಿದ ಹಾಗೆ ನೋಡ್ತಾರೆ."

"ಅವರು ಎಲ್ಲರನ್ನೂ ಹಾಗೆಯೇ ನೋಡುವುದು," ಎಂದು ಬೆಲಿಂಡಾ ನಕ್ಕಳು. "ಮತ್ತೆ, ನಿಮ್ಮ ಉಚ್ಚಾರ ಸರಿ ಇಲ್ಲ. 'ಹಿಮ' ಅನ್ನುವಲ್ಲಿ ನಿಮಗೆ ಶೀತ ಆದ ಹಾಗೆ ಕೇಳ್ತದೆ."

"ಹಾಗಾದರೆ ಕಲಿಸಿ."

ಕಲಿಸುವ ನೆಪದಲ್ಲಿ ಎರಡು ಹೃದಯಗಳು ಹತ್ತಿರವಾದವು. ಅವನ ಹೆಜ್ಜೆ ಕೇಳದ ದಿನ ಅವಳಿಗೆ ಕೆಲಸ ಓಡುತ್ತಿರಲಿಲ್ಲ. 'ಇದೆಂತ ನನಗೆ...' ಎಂದು ತನ್ನನ್ನೇ ಗದರಿಕೊಳ್ಳುತ್ತಿದ್ದಳು. ಆದರೂ ಕಿಟಕಿಯಾಚೆ ಶಮಾಲ್ ಗಾಳಿ ಧೂಳೆಬ್ಬಿಸಿದಾಗಲೆಲ್ಲ ಅರ್ಕಮ್‌ನ ಮುಖ ಕಣ್ಣಿಗೆ ಕಟ್ಟುತ್ತಿತ್ತು.

ದಡದ ಕೆಲಸ ಮುಗಿದ ಮರುದಿನವೇ ಆಸ್ಟಿನ್ ಕಾಣೆಯಾದ. ಒಂದು ಮಾತನ್ನೂ ಹೇಳದೆ!

"ಅವನೇ ಕೇಳಿ ನಾಲ್ಕನೇ ಪ್ಲಾಟ್‌ಫಾರ್ಮಿಗೆ ಹೋದದ್ದು," ಎಂದರು ಕಚೇರಿಯ ಹಿರಿಯ ಮೇಲ್ವಿಚಾರಕ ಸಲ್ವಾದೋರ್, ಕಡತದಿಂದ ಕಣ್ಣೆತ್ತದೆ. "ನಿನ್ನ ಕಾಟ ತಡೆಯಲಿಕ್ಕೆ ಆಗುದಿಲ್ಲವಂತೆ. ಬಿಡು ಮಗಳೇ, ಇಂಥವರ ಹಿಂದೆ ಹೋಗಬೇಡ."

ಬೆಲಿಂಡಾ ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ಅವಳು ಕರೆ ಮಾಡಿದರೆ ಅವನು ಎತ್ತಲೇ ಇಲ್ಲ.

ಮುಂದಿನ ಗುರುವಾರ ಮಧ್ಯಾಹ್ನ, ಪ್ಲಾಟ್‌ಫಾರ್ಮುಗಳಿಗೆ ಬೋಟಿನಲ್ಲಿ ದಿನಸಿ ಒಯ್ಯುವ ಭಟ್ಕಳದ ವ್ಯಾಪಾರಿ ಕಮಾಲುದ್ದೀನ್ ಬಂದರು.

"ಆಸ್ಟಿನ್ ಹೇಳಿ ಕಳಿಸಿದ್ದಾನೆ, ಬೆಲಿಂಡಾ. ನೀನು ಅವನ ಮೇಲೆ ದೂರು ಕೊಟ್ಟದ್ದಕ್ಕೆ ಅವನಿಗೆ ಸಿಟ್ಟಿಲ್ಲವಂತೆ."

"ದೂರಾ? ನಾನಾ?"

"ಸಲ್ವಾದೋರ್ ಅವನಿಗೆ ಹಾಗೆ ಹೇಳಿದ್ದಾರಲ್ಲ." ಕಮಾಲುದ್ದೀನ್ ದನಿ ಇಳಿಸಿದರು. "ಕೇಳು. ನಾಳೆ ಬೆಳಿಗ್ಗೆ ಅವನನ್ನು ಏಣಿಯಲ್ಲಿ ನೀರಿನ ಮಟ್ಟಕ್ಕೆ ಇಳಿಸ್ತಾರೆ. ಅರ್ಕಮ್ ಬಿದ್ದ ಅದೇ ಏಣಿ. ಅದರಲ್ಲಿ ನಾನು ಆಡನ್ನೂ ಹತ್ತಿಸುದಿಲ್ಲ."

ಬೆಲಿಂಡಾ ನೇರವಾಗಿ ಸಲ್ವಾದೋರರ ಮುಂದೆ ಹೋಗಿ ನಿಂತಳು. "ಯಾಕೆ ಸುಳ್ಳು ಹೇಳಿದ್ರಿ ಸರ್?"

ಅವರು ಬೆಚ್ಚಲಿಲ್ಲ. "ಸಾಹೇಬರಿಗೆ ಅವಮಾನ ಆದರೆ ನಾವು ಸರಿಮಾಡಬೇಕು. ಇಲ್ಲದಿದ್ದರೆ ಅವರು ನಮ್ಮನ್ನು ಮನೆಗೆ ಕಳಿಸ್ತಾರೆ."

"ಸಾಹೇಬರು ಹೇಳಿದ್ರಾ?"

"ಬಾಯಿಬಿಟ್ಟು ಹೇಳಬೇಕಾ? ಎದ್ದು ಹೋದದ್ದು ನೀನು ನೋಡಲಿಲ್ಲವಾ? ಅವರ ಮುಖ ಓದಿಯೇ ನಾನು ಇಷ್ಟು ವರ್ಷ ಉಳಿದದ್ದು."

ದೊರೆಯ ಹುಬ್ಬು ಗಂಟಾದದ್ದನ್ನು ಕಂಡು ಬಡವನ ಕತ್ತು ಕೊಯ್ಯುವ ಇಂತಹ ಸ್ವಾಮಿಭಕ್ತಿಗೆ ಧಿಕ್ಕಾರವಿರಲಿ. ದೊರೆಗಿಂತ ಅವನ ಮುಖಸ್ತುತಿಗಾರನೇ ಹೆಚ್ಚು ಕ್ರೂರಿ.

ಅಂದಿನ ಸಂಜೆ ಗಾಳಿ ಹಾಡು ನಡೆಯುವ ಭವನದ ಕಿಟಕಿಗಳನ್ನು ಗುದ್ದುತ್ತಿತ್ತು. ಬೆಲಿಂಡಾ ಯಾರ ಸರದಿಗೂ ಕಾಯಲಿಲ್ಲ. ತಾನೇ ಗುಂಡಿ ಒತ್ತಿ, ಮೊದಲ ಬಾರಿಗೆ ಮೈಕು ಹಿಡಿದಳು.

ಬಾರದ ದೋಣಿಯ ಹಾಡು.

ಸಲ್ವಾದೋರ್ ತಂತಿ ಕೀಳಲು ಧಾವಿಸಿದರು. ಯಂತ್ರ ಸತ್ತಿತು. ಅವಳು ನಿಲ್ಲಿಸಲಿಲ್ಲ. ಬರಿಗಂಟಲಿನಲ್ಲಿ, ನಡುಗುತ್ತ, ಹಾಡಿದಳು. ಕುರಾಟಾ ಎದ್ದರು, ಬಾಗಿಲಿನತ್ತ ತಿರುಗಿದರು.

"ಹೋಗಬೇಡಿ, ಕುರಾಟಾ ಸಾನ್," ಎಂದು ಅವಳು ಜಪಾನಿ ಭಾಷೆಯಲ್ಲಿ ತಡೆದಳು. "ನನ್ನನ್ನೂ ನಾಲ್ಕನೇ ಪ್ಲಾಟ್‌ಫಾರ್ಮಿಗೆ ಕಳುಹಿಸುವುದಾದರೆ ನನ್ನ ಮುಖ ನೋಡಿ ಹೇಳಿ."

ಅವರು ತಿರುಗಿದರು. ಕೆನ್ನೆಗಳು ಒದ್ದೆಯಾಗಿದ್ದವು.

"ನಿಮ್ಮನ್ನೇಕೆ ಅಲ್ಲಿಗೆ ಕಳುಹಿಸಬೇಕು?"

"ಈ ಹಾಡು ಹಾಡಿದ್ದಕ್ಕೆ. ಶಿಹಾಬ್, ಅರ್ಕಮ್, ಆಸ್ಟಿನ್ ಅವರನ್ನು ಕಳುಹಿಸಿದ ಹಾಗೆ. ನಾಳೆ ಬೆಳಿಗ್ಗೆ ಆಸ್ಟಿನ್ ಅವರನ್ನು ಅರ್ಕಮ್ ಬಿದ್ದ ಏಣಿಯಲ್ಲೇ ಇಳಿಸುತ್ತಾರೆ."

ಕುರಾಟಾ ಅಂಗೈಯಿಂದ ಕೆನ್ನೆ ಒರೆಸಿಕೊಂಡರು. "ನನ್ನ ಅಣ್ಣ ಮೀನು ಹಿಡಿಯಲು ಹೋದವನು ಮರಳಲಿಲ್ಲ. ಈ ಹಾಡು ಕೇಳಿದರೆ ಕಣ್ಣು ತುಂಬುತ್ತದೆ. ಕೈಕೆಳಗಿನವರು ಕಾಣಬಾರದೆಂದು ಹೊರಗೆ ಹೋಗುತ್ತೇನೆ... ಆ ಹುಡುಗ ಹಾಡಿದ್ದು ನನಗೆ ಇಷ್ಟವಾಗಿತ್ತು."

ಸಲ್ವಾದೋರ್ ಕುರ್ಚಿ ಹಿಡಿದು ಕುಳಿತರು.

ಕುರಾಟಾ ತಮ್ಮನ್ನೂ ಕ್ಷಮಿಸಿಕೊಳ್ಳಲಿಲ್ಲ. ಅರ್ಕಮ್ ಸತ್ತ ಮೇಲೆ ಏಣಿ ದುರಸ್ತಿಯಾಗಿದೆಯೆಂಬ ಮಾತನ್ನು, ಕಣ್ಣಾರೆ ನೋಡದೆ ನಂಬಿದವರು ಅವರೇ ಅಲ್ಲವೇ? ಅಧಿಕಾರದಲ್ಲಿರುವವನಿಗೆ ತಿಳಿಯದಿರುವುದೂ ಅಪರಾಧವೇ. ಅರ್ಕಮ್‌ನ ಸಾವಿನ ತನಿಖೆ ಮತ್ತೆ ನಡೆಯಲಿ, ಅದರಲ್ಲಿ ತಮ್ಮ ಹೆಸರೂ ಇರಲಿ ಎಂದು ಎಲ್ಲರೆದುರು ಹೇಳಿ, ಆಸ್ಟಿನ್‌ನನ್ನು ಏಣಿಗೆ ಇಳಿಸದಂತೆ ತಡೆಯಲು ಪ್ಲಾಟ್‌ಫಾರ್ಮಿಗೆ ರೇಡಿಯೋ ಕರೆ ಮಾಡಿಸಿದರು.

ಬರಿಯ ಗರಗರ ಸದ್ದು. ಉತ್ತರವಿಲ್ಲ. ಗಾಳಿಗೆ ಸಂಪರ್ಕ ಕಡಿದಿತ್ತು. ಬೆಳಗಾಗುವ ಮೊದಲು ಬೋಟು ಹೊರಡುವಂತಿರಲಿಲ್ಲ. ಬೆಳಕು ಹರಿಯುತ್ತಲೇ ಕಮಾಲುದ್ದೀನ್ ಸುದ್ದಿ ಹೊತ್ತು ತಮ್ಮ ಬೋಟು ಬಿಟ್ಟರು.

ಶುಕ್ರವಾರ ನಡುಹಗಲಿನಲ್ಲೂ ಆಕಾಶ ಕಂದು ಬಣ್ಣಕ್ಕೆ ತಿರುಗಿತ್ತು. ಜೆಟ್ಟಿಯಲ್ಲಿ ಬೆಲಿಂಡಾ ಒಬ್ಬಳೇ ನಿಂತಿದ್ದಳು. 'ದೇವರೇ, ಏಣಿಗೆ ಕಾಲಿಡದಿರಲಿ...'

ಬೋಟು ಧೂಳಿನೊಳಗಿಂದ ಮೂಡಿತು. ಒಬ್ಬೊಬ್ಬರಾಗಿ ಇಳಿದವರಲ್ಲಿ ಆಸ್ಟಿನ್ ಇರಲಿಲ್ಲ. ಕಮಾಲುದ್ದೀನರ ಮುಖ ಕಪ್ಪಿಟ್ಟಿತ್ತು.

"ಏಣಿ ಕಳಚಿ ಬಿತ್ತು, ಬೆಲಿಂಡಾ."

ಅವಳು ಬೋಟಿನತ್ತ ಬಗ್ಗಿ ಇಣುಕಿದಳು. "ಆಸ್ಟಿನ್ ಎಲ್ಲಿ?"

"ಸೊಂಟಕ್ಕೆ ಹಗ್ಗ ಕಟ್ಟಿ ಒಂದು ಕಾಲು ಇಟ್ಟಿದ್ದ. ನಾನು ಬೋಟಿನಿಂದ ಗಂಟಲು ಹರಿಯುವ ಹಾಗೆ ಕಿರುಚಿದೆ. ಕಾಲು ತೆಗೆದ. ನಾವು ನೋಡ್ತಾ ಇದ್ದ ಹಾಗೆ ಅರ್ಧ ಏಣಿ ನೀರಿಗೆ." ಅವರು ಮುಖ ಒರೆಸಿಕೊಂಡರು. "ಒಳಗೆ ಮಲಗಿದ್ದಾನೆ. ದಾರಿಯುದ್ದಕ್ಕೂ ವಾಂತಿ. ನನ್ನ ಬೋಟು ತೊಳೆಯುವವರು ಯಾರು ಅಂತ ಅವನನ್ನೇ ಕೇಳು."

ಬೋಟಿನ ಕೋಣೆಯ ಗೋಡೆ ಹಿಡಿದುಕೊಂಡು ಆಸ್ಟಿನ್ ಹೊರಬಂದ. ಮುಖ ಬೂದಿಯಾಗಿತ್ತು. ಅವಳು ಓಡಿಹೋಗಿ ಅವನ ತೋಳು ಹಿಡಿದಳು.

"ದೂರು ಕೊಟ್ಟವರು ನೀವಲ್ಲವಂತೆ," ಎಂದ ಅವನು.

"ನನ್ನ ಕಾಟ ತಡೆಯಲಿಕ್ಕೆ ಆಗುದಿಲ್ಲ ಅಂದವರೂ ನೀವಲ್ಲವಂತೆ."

"ಹೇಳಿದ್ದು ನಾನಲ್ಲ. ಆದರೆ ಕಾಟ ಹೌದು. ಕಡಲಿನ ನಡುವೆಯೂ ಬಿಡಲಿಲ್ಲ ನೀವು."

ಬೆಲಿಂಡಾಳ ಕಣ್ಣೀರು ಧೂಳಿನ ಕೆನ್ನೆಯ ಮೇಲೆ ಗೆರೆ ಎಳೆಯಿತು.

"ಒಂದು ಮಾತು ಕೇಳಬೇಕಿತ್ತು," ಎಂದು ಅವನು ತಡವರಿಸಿದ. "ಆದರೆ ಮೈಯೆಲ್ಲ ವಾಸನೆ. ಮಿಂದು ಬಂದು ಕೇಳಲಾ?"

"ಬೇಡ. ಹೀಗೆಯೇ ಕೇಳಿ."

"ನನ್ನನ್ನು ಮದುವೆ ಆಗ್ತೀರಾ?"

"ಆಗ್ತೇನೆ," ಎಂದು ಅವಳು ಅವನ ಭಾರವನ್ನು ತನ್ನ ಹೆಗಲಿಗೆ ಎಳೆದುಕೊಂಡಳು. "ಈಗ ಬನ್ನಿ. ಮೊದಲು ಸ್ವಲ್ಪ ಗಂಜಿ ಕುಡಿಯಿರಿ."