ಮಾವನವರ ಒಂಬತ್ತನೇ ಹಾಳೆ

"ಮಾವ, ಏಳಿ. ಸಾಯೋ ಸೀನು ಇವತ್ತಿಲ್ಲ."

ಸದ್ದಿನಣ್ಣ ಬಾಗಿಲಲ್ಲೇ ನಿಂತು ನಕ್ಕ. ರೇಡಿಯೋ ನಾಟಕಗಳಿಗೆ ಕುದುರೆ ಓಟದಿಂದ ಹಿಡಿದು ಮಗುವಿನ ತೊಟ್ಟಿಲವರೆಗೆ ಎಲ್ಲ ಸದ್ದು ಮಾಡುವವನು ಅವನು. ಎರಡನೇ ಸ್ಟುಡಿಯೋದಲ್ಲಿ ಮೈಕಿನ ಕೆಳಗೆ ಮಾವ ಬೋರಲಾಗಿ ಬಿದ್ದಿದ್ದರು. ಎಲ್ಲರ ಬಾಯಲ್ಲೂ ಅವರು ಮಾವ; ಮೂವತ್ತೆಂಟು ವರ್ಷ ರೇಡಿಯೋ, ಟೀವಿಗಳಲ್ಲಿ ಪೋಷಕ ಪಾತ್ರ ಮಾಡಿದ ಮನುಷ್ಯ. ತೆರೆಯ ಮೇಲೆ ಇಪ್ಪತ್ತೇಳು ಸಲ ಸತ್ತಿದ್ದರು. ಬಿದ್ದಲ್ಲಿಂದಲೇ ಒಂದು ಕಣ್ಣು ತೆರೆದು ನೋಡುವುದು ಅವರ ಹಳೇ ತಮಾಷೆ.

ಈ ಸಲ ಕಣ್ಣು ತೆರೆಯಲಿಲ್ಲ. ಕಿವಿಯ ಹಿಂದಿನ ಬಿಳಿಗೂದಲು ಕೆಂಪಾಗಿತ್ತು.

ಗೋಡೆ ಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲು.

* * *

ಇನ್ಸ್‌ಪೆಕ್ಟರ್ ಬರುವ ಹೊತ್ತಿಗೆ ಆಂಬುಲೆನ್ಸ್ ಹೋಗಿಯಾಗಿತ್ತು. ಉಸಿರಿದೆ, ಪ್ರಜ್ಞೆ ಇಲ್ಲ ಎಂದಷ್ಟೇ ಡಾಕ್ಟರು ಹೇಳಿದ್ದರು. ಆಕೆ ಗೇಟು ಹಾಕಿಸಿದಳು. ಒಬ್ಬರೂ ಹೊರಗೆ ಹೋಗಕೂಡದು.

ಕೂತು ಯೋಚಿಸುವ ಜಾಯಮಾನ ಆಕೆಯದಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಸ್ಟುಡಿಯೋದೊಳಗೆ ಸುತ್ತಿದಳು. ದಪ್ಪ ಮೆತ್ತೆ ಹೊದಿಸಿದ ಗೋಡೆ. ಒಂದರ ಹಿಂದೆ ಒಂದು, ಎರಡು ಬಾಗಿಲು. ಮೂಲೆಯಲ್ಲಿ ಸದ್ದಿನಣ್ಣನ ಮೇಜು. ಮೇಜಿನ ಮೇಲೆ ಗಂಟೆ, ಚಿಲಕ, ಜಲ್ಲಿಯ ತಟ್ಟೆ. ನೆಲದಲ್ಲಿ ಕಬ್ಬಿಣದ ದೊಡ್ಡ ಬೀಗ. ಅದನ್ನು ಒರೆಸಿದ್ದರು, ಸಂದಿಯಲ್ಲಿ ಮಾತ್ರ ರಕ್ತ ಉಳಿದಿತ್ತು.

ಸುತ್ತ ಹರಡಿದ್ದ ಹಾಳೆಗಳನ್ನು ಕಾನ್‌ಸ್ಟೇಬಲ್ ಜೋಡಿಸಿದ. "ಮೇಡಂ, ಹದಿನಾಲ್ಕರವರೆಗೆ ನಂಬರ್ ಇದೆ. ಒಂಬತ್ತು ಮಾತ್ರ ಇಲ್ಲ."

"ಇದೇನು ನಾಟಕವಾ?"

"ಅಲ್ಲ, ಅವರದೇ ಕಥೆ," ಎಂದಳು ನಾಟಕ ವಿಭಾಗದ ನಿರ್ಮಾಪಕಿ. "ನಟನೆಯ ನೆನಪುಗಳು. ಹನ್ನೆರಡಕ್ಕೆ ರೆಕಾರ್ಡಿಂಗ್ ಇತ್ತು. ಹತ್ತೂವರೆಗೆ ಬಂದು, ಒಬ್ಬನೇ ಓದ್ಕೋತೀನಿ ಅಂದ್ರು."

"ನೀವೆಲ್ಲಿದ್ರಿ?"

"ಹನ್ನೊಂದೂ ಹತ್ತಕ್ಕೆ ಅವರಿಗೆ ಕಾಫಿ ಕೊಟ್ಟು ಮೀಟಿಂಗ್‌ಗೆ ಹೋದೆ. ಆರು ಜನ ಇದ್ವಿ."

"ಈ ಕಡೆ ಬಂದವರು ಯಾರು?"

"ಸದ್ದಿನಣ್ಣ. ಆಮೇಲೆ... ಟೀವಿ ಧಾರಾವಾಹಿಯ ಹೀರೋ ಬಂದಿದ್ದಾರೆ. ಮಾವನ ಬಗ್ಗೆ ನಾಲ್ಕು ಮಾತು ಹೇಳೋಕೆ."

ಇನ್ಸ್‌ಪೆಕ್ಟರ್ ಜೇಬಿನಲ್ಲಿ ಫೋನು ಗುರ್ರೆಂದಿತು. ಅಮ್ಮ. "ನಮ್ಮ ಮಾವನೋರಿಗೆ ಏನಾಯ್ತಂತೆ ಕಣೇ?"

"ನೋಡ್ತಾ ಇದ್ದೀನಮ್ಮ."

"ನೋಡೋದೇನು, ಹಿಡಿ!"

ಅಮ್ಮನಿಗೆ ಮಾವನ ನಿಜವಾದ ಹೆಸರು ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಅವರು ಪೋಸ್ಟ್‌ಮನ್ ಆಗಿದ್ದರು, ಜಡ್ಜ್ ಆಗಿದ್ದರು, ನೂರಾರು ಸೊಸೆಯಂದಿರಿಗೆ ಮಾವ ಆಗಿದ್ದರು. ಬೀದಿಯಲ್ಲಿ ಸಿಕ್ಕಿದರೆ ಜನ, "ಎಲ್ಲೋ ನೋಡಿದ ಹಾಗಿದೆಯಲ್ಲ, ನಮ್ಮ ಬ್ಯಾಂಕಿನವರಾ?" ಎನ್ನುತ್ತಿದ್ದರು.

* * *

"ಬೆಳಿಗ್ಗೆ ಅವರ ಜೊತೆ ಜಗಳ ಆಡಿದ್ಯಂತೆ?"

ಸದ್ದಿನಣ್ಣನ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಅದು ಜಗಳ ಅಲ್ಲ ಮೇಡಂ. ನಾನು ಹತ್ತು ಜನ ನಡೆಯೋ ಸದ್ದು ಮಾಡಿದ್ರೂ ಒಬ್ಬ ಕುಂಟ ನಡೆದ ಹಾಗಿರುತ್ತೆ ಅಂದ್ರು. ಸಿಟ್ಟು ಬಂತು. ಕೂಗಾಡಿದೆ."

"ಬೀಗ ನಿಂದು."

"ನಂದೇ."

"ಹನ್ನೊಂದರಿಂದ ಎಲ್ಲಿದ್ದೆ? ಕ್ಯಾಂಟೀನು ಅಂತ ಹೇಳಿದ್ಯಂತೆ. ಅಲ್ಲಿ ನಿನ್ನನ್ನ ಯಾರೂ ನೋಡಿಲ್ಲ."

ಅವನು ತಲೆ ತಗ್ಗಿಸಿದ. ಪಾರಿವಾಳದ ಸದ್ದು ಹಿಡಿಯಲು ತಾರಸಿ ಹತ್ತಿದ್ದ. ಅಲ್ಲಿಗೆ ಹೋಗುವುದಕ್ಕೆ ಯಾರಿಗೂ ಅಪ್ಪಣೆ ಇಲ್ಲ; ಕೆಲಸ ಹೋದೀತೆಂದು ಸುಳ್ಳು ಹೇಳಿದ್ದ. ಜೇಬಿನಿಂದ ಪುಟ್ಟ ರೆಕಾರ್ಡರ್ ತೆಗೆದು ಒತ್ತಿದ. ಪಾರಿವಾಳಗಳ ರೆಕ್ಕೆ ಸದ್ದು. ನಡುನಡುವೆ ಅವನದೇ ಗದರಿಕೆ: "ಕೂತ್ಕೋಬೇಡ್ರೋ, ಹಾರ್ರೋ! ಥೂ, ಸೋಮಾರಿಗಳಾ!" ಎರಡೆರಡು ನಿಮಿಷಕ್ಕೊಮ್ಮೆ ಬೈಗುಳ. ಪರದೆಯ ಮೇಲೆ ಸಮಯ: ಹನ್ನೊಂದೂ ಎಂಟರಿಂದ ಹನ್ನೊಂದೂ ನಲವತ್ತೆರಡರವರೆಗೆ.

ಇನ್ಸ್‌ಪೆಕ್ಟರ್ ಪೂರ್ತಿ ಕೇಳಿದಳು, ನಿಂತುಕೊಂಡೇ. ಕೈಯಲ್ಲಿದ್ದ ಒಬ್ಬ ಆರೋಪಿಯೂ ಪಾರಿವಾಳದ ಜೊತೆ ಹಾರಿಹೋಗಿದ್ದ.

* * *

ಹೀರೋ ಅತಿಥಿಗಳ ಕೋಣೆಯಲ್ಲಿದ್ದ. ಸುತ್ತ ಕಚೇರಿಯ ಅರ್ಧ ಜನ; ಇಂಥ ಹೊತ್ತಿನಲ್ಲೂ ಸೆಲ್ಫಿ. ಎಂಟು ವರ್ಷದಿಂದ ಮನೆಮನೆಯಲ್ಲಿ ಮೊಳಗುವ ಕಂಠ ಅವನದು. ಸಂದರ್ಶನ ಕೊಡುವವನಲ್ಲ, ಮಿತಭಾಷಿ ಎಂದು ಹೆಸರು. ಇನ್ಸ್‌ಪೆಕ್ಟರ್ ಎಲ್ಲರನ್ನೂ ಹೊರಗೆ ಕಳಿಸಿದಳು.

"ಗಂಟಲು ಕಟ್ಟಿದೆ ಮೇಡಂ," ಎಂದ. ತೆಳ್ಳಗಿನ, ಒಡಕು ದನಿ. "ಶೂಟಿಂಗ್‌ನಲ್ಲಿ ಕಿರುಚಿ ಕಿರುಚಿ. ಮಾವನ ಬಗ್ಗೆ ಬರೆದು ತಂದಿದ್ದೀನಿ, ಬೇರೆಯವರು ಓದಲಿ ಅಂತ."

"ಅವರನ್ನ ನೋಡಿದ್ರಾ?"

"ಇಲ್ಲ. ಹನ್ನೊಂದೂ ಕಾಲಿಗೆ ಸ್ಟುಡಿಯೋ ಹತ್ರ ಹೋದೆ. ಬಾಗಿಲು ಹಾಕಿತ್ತು. ಒಳಗೆ ಓದ್ತಾ ಇದ್ರು. ಮೊದಲನೇ ಪಾತ್ರ, ಕತ್ತೆ ದನಿ ಮಾಡಿದ್ದು. ಹೊರಗೆ ನಿಂತು ಕೇಳಿ ನಗು ಬಂತು. ಯಾಕೆ ತೊಂದರೆ ಕೊಡ್ಲಿ ಅಂತ ವಾಪಸ್ ಬಂದೆ." ಅವನ ಕಣ್ಣು ತುಂಬಿತು. "ಅವರು ನನಗೆ ತಂದೆ ಇದ್ದ ಹಾಗೆ."

ಇನ್ಸ್‌ಪೆಕ್ಟರ್ ಹೊರಗೆ ಬಂದಳು. ಏನೋ ಚುಚ್ಚುತ್ತಿತ್ತು. ಏನೆಂದು ಗೊತ್ತಾಗಲಿಲ್ಲ. ನಿಂತಲ್ಲಿ ನಿಲ್ಲಲಾರದೆ ಜೀಪು ಹತ್ತಿ ಆಸ್ಪತ್ರೆಗೆ ಹೋದಳು.

* * *

ಮಾವನ ಹೆಂಡತಿ ಐಸಿಯು ಹೊರಗೆ ಬೆಂಚಿನ ತುದಿಯಲ್ಲಿ ಕೂತಿದ್ದರು. ಮಡಿಲಲ್ಲಿ ಗಂಡನ ಕನ್ನಡಕ.

"ಅಮ್ಮಾ, ಆ ಕಥೆ ಟೈಪ್ ಮಾಡಿದ್ದು ಯಾರು?"

"ನಾನೇ. ಮೂರು ಪ್ರತಿ ತೆಗೆದೆ. ಒಂದು ಇವರಿಗೆ, ಒಂದು ಮನೇಲಿದೆ, ಒಂದು ಆ ಹೀರೋಗೆ. ಅವನ ವಿಷಯ ಬರೆದಿದ್ದೀನಿ, ಅವನು ಓದದೆ ಹೇಗೆ ಅಂತ ಇವರೇ ಕಳಿಸಿದ್ರು. ಕಳಿಸಿ ಹತ್ತು ದಿನ ಆಯ್ತು, ಆವತ್ತಿನಿಂದ ಇವರಿಗೆ ನೆಮ್ಮದಿ ಇಲ್ಲ. ಊಟಕ್ಕೆ ಕೂತರೆ ಎದ್ದು ಹೋಗೋದು, ಪೆನ್ಸಿಲ್ ಹುಡುಕೋದು."

"ಒಂಬತ್ತನೇ ಹಾಳೆಯಲ್ಲಿ ಏನಿತ್ತು?"

ಆಕೆ ಕನ್ನಡಕದ ಗಾಜು ಒರೆಸಿದರು. ಒಂದು ಸಲ, ಎರಡು ಸಲ.

"ಎಂಟು ವರ್ಷದಿಂದ ಆ ಹುಡುಗ ಬರೀ ಬಾಯಿ ಆಡಿಸ್ತಾನೆ ತಾಯಿ. ದನಿ ನಮ್ಮೆಜಮಾನರದು."

* * *

ಸ್ಟುಡಿಯೋಗೆ ವಾಪಸಾದ ಇನ್ಸ್‌ಪೆಕ್ಟರ್ ಸದ್ದಿನಣ್ಣನನ್ನು ಒಳಗೆ ಬಿಟ್ಟು ಎರಡೂ ಬಾಗಿಲು ಹಾಕಿಸಿದಳು. ಹೀರೋವನ್ನು ಹೊರಗೆ ತನ್ನ ಪಕ್ಕದಲ್ಲಿ ನಿಲ್ಲಿಸಿದಳು.

"ಏನಾದ್ರೂ ಕೇಳಿಸ್ತಾ?"

"ಇಲ್ಲ."

ಆಕೆ ಬಾಗಿಲು ತೆರೆದಳು. ಸದ್ದಿನಣ್ಣ ಗಂಟಲು ಹರಿಯುವಂತೆ ಕತ್ತೆಯ ಹಾಗೆ ಕೂಗುತ್ತಿದ್ದ. ಮುಖವೆಲ್ಲ ಬೆವರು.

"ಇದು ಟೀವಿ ಸೆಟ್ಟಲ್ಲ ಸಾರ್, ಪ್ಲೈವುಡ್ ಗೋಡೆ ಇಲ್ಲ. ರೇಡಿಯೋ ಸ್ಟುಡಿಯೋ. ಒಳಗಿನ ಗುಸುಗುಸು ಇರಲಿ, ಕೂಗೂ ಹೊರಗೆ ಬರಲ್ಲ. ನೀವು ಇಲ್ಲಿ ನಿಂತು ಏನೂ ಕೇಳಿಸಿಕೊಂಡಿಲ್ಲ. ಕತ್ತೆ ದನಿಯ ವಿಷಯ ನೀವು ಓದಿದ್ದು, ನಿಮಗೆ ಕಳಿಸಿದ್ದ ಪ್ರತಿಯಲ್ಲಿ. ಒಂಬತ್ತನೇ ಹಾಳೆಯನ್ನೂ ಓದಿದ್ರಿ. ಅದು ರೇಡಿಯೋದಲ್ಲಿ ಬಂದರೆ ಕೆಡೋದು ನಿಮ್ಮೊಬ್ಬರ ಹೆಸರು. ಜೇಬು ತೋರಿಸ್ತೀರಾ?"

ಅವನು ಅಲುಗಾಡಲಿಲ್ಲ. ಕಾನ್‌ಸ್ಟೇಬಲ್ ಕೋಟಿನ ಒಳಜೇಬಿಗೆ ಕೈ ಹಾಕಿದ. ಎಂಟು ಮಡಿಕೆಯ ಹಾಳೆ ಬಂತು. ಹರಿದು ಎಸೆಯುವುದಕ್ಕೆ ಅಭಿಮಾನಿಗಳು ಅವನಿಗೆ ಒಂದು ಗಳಿಗೆಯ ಏಕಾಂತವನ್ನೂ ಕೊಟ್ಟಿರಲಿಲ್ಲ.

"ತೆಗೆದುಹಾಕಿ ಅಂತ ಕಾಲು ಹಿಡಿದೆ," ಎಂದ. ಕಟ್ಟಿದ ಗಂಟಲಿನ ನೆಪ ಈಗ ಇರಲಿಲ್ಲ. ಅವನ ದನಿಯೇ ಅಷ್ಟು. "ನಕ್ಕರು. ನಗ್ತಾ ಬೆನ್ನು ತಿರುಗಿಸಿ, 'ಯಾಕಪ್ಪಾ ಹೆದರ್ತೀಯಾ' ಅಂದ್ರು. ನನ್ನ ದನಿಯಲ್ಲಿ! ಟೀವಿಯಲ್ಲಿ ಬರುತ್ತಲ್ಲ, ಆ ದನಿಯಲ್ಲಿ. ಆಮೇಲೆ ಏನು ಮಾಡಿದೆನೋ ನನಗೇ ಗೊತ್ತಿಲ್ಲ."

ಇನ್ಸ್‌ಪೆಕ್ಟರ್ ಹಾಳೆ ಬಿಡಿಸಿದಳು. ಆಮೇಲೆ ಅದನ್ನು ಅವನ ಮುಖದೆದುರು ಹಿಡಿದಳು.

"ಇದನ್ನ ಬಿಡಿಸಿ ನೋಡಲೇ ಇಲ್ವಾ?"

ಹಾಳೆಯ ಅಷ್ಟೂ ಸಾಲುಗಳ ಮೇಲೆ ಪೆನ್ಸಿಲ್ ಗೀಟು ಬಿದ್ದಿತ್ತು. ಅಂಚಿನಲ್ಲಿ ಪುಟ್ಟ ಅಕ್ಷರ: 'ಬೇಡ. ಹುಡುಗನಿಗೆ ಮಾತು ಕೊಟ್ಟಿದ್ದೇನೆ.'

ಹೀರೋ ಆ ಅಕ್ಷರಗಳನ್ನು ಎರಡು ಸಲ ಓದಿದ.

* * *

ಮೂರನೇ ದಿನ ಮಾವ ಕಣ್ಣು ಬಿಟ್ಟರು. ಹೇಳಿಕೆ ತೆಗೆದುಕೊಳ್ಳಲು ಹೋದ ಇನ್ಸ್‌ಪೆಕ್ಟರ್ ಮಂಚದ ಪಕ್ಕ ಕುರ್ಚಿ ಎಳೆದುಕೊಂಡಳು. ಮಾವನ ದನಿ ಕ್ಷೀಣವಾಗಿತ್ತು. ಪೋಸ್ಟ್‌ಮನ್ನನದಲ್ಲ, ಜಡ್ಜಿನದಲ್ಲ, ಆಕೆ ಎಂದೂ ಕೇಳಿರದ ದನಿ.

"ಬೇಡಿಕೊಂಡಾಗ ನಕ್ಕಿರಂತೆ?"

"ನಗು ಬಂತಮ್ಮ. ಬೆಳಿಗ್ಗೆನೇ ಗೀಟು ಎಳೆದು ತೆಗೆದುಹಾಕಿದ್ದೆ. ಇಲ್ಲಿ ನೋಡೋ ದಡ್ಡ ಅಂತ ತೋರಿಸೋಕೆ ಆ ಹಾಳೆ ಹುಡುಕ್ತಾ ಆ ಕಡೆ ತಿರುಗಿದೆ."

"ಆ ದನಿಯಲ್ಲಿ ಯಾಕೆ ಮಾತಾಡಿದ್ರಿ?"

"ಎಂಟು ವರ್ಷ ಅವನ ಜೊತೆ ಅದೇ ದನಿಯಲ್ಲಿ ತಮಾಷೆ ಮಾಡಿದ್ದೀನಿ. ಅವನೂ ನಗ್ತಿದ್ದ. ಅವನಿಗೆ ಅದು ಅಷ್ಟು ನೋಯ್ತಿತ್ತು ಅಂತ ಗೊತ್ತಾಗಲಿಲ್ಲ ನೋಡು."

ಬರೆದದ್ದನ್ನು ಓದಿ ಹೇಳಿ ಆಕೆ ಸಹಿ ಹಾಕಿಸಿಕೊಂಡಳು. ಮಾವ ಹೊದಿಕೆಯ ಕೆಳಗೆ ಕಾಲು ಆಡಿಸುತ್ತಿದ್ದರು. ಹೆಂಡತಿಯ ಕಡೆ ತಿರುಗಿದರು.

"ಆ ರೆಕಾರ್ಡಿಂಗು ಮುಂದಕ್ಕೆ ಹಾಕಿದ್ದಾರಾ, ರದ್ದೇ ಮಾಡಿದ್ದಾರಾ? ಒಂದು ಫೋನ್ ಮಾಡಿ ಕೇಳೇ."

"ಸುಮ್ನೆ ಮಲಗಿ," ಎಂದರು ಹೆಂಡತಿ, ಫೋನು ಕೈಗೆತ್ತಿಕೊಳ್ಳುತ್ತ.