ನಂದರ ಬಳಿಯ ಸುಳ್ಳು

"ಕೈ ಕೊಡು ಸೇವಂತಿ! ದೋಣಿ ವಾಲ್ತಾ ಉಂಟು!"

"ಬೇಡ ಅಣ್ಣ!"

ಆ 'ಅಣ್ಣ' ಎಂಬ ಮಾತನ್ನು ಅವಳು ಕಲ್ಲು ಬೀಸಿದ ಹಾಗೆ ಬೀಸಿದಳು. ಲಸಿಕೆಯ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ನೀರಿಗೆ ಇಳಿದೇಬಿಟ್ಟಳು. ಎದೆಮಟ್ಟದ ಹಸಿರು ನೀರು. ಬಿಳಿ ಸೆರಗು ಹಿಂದೆ ತೇಲುತ್ತಿತ್ತು. ದಡ ಇನ್ನೂ ಐವತ್ತು ಮಾರು ದೂರ.

ದೋಣಿ ನಡೆಸುವ ಕುಂಞಿ ಮೋನು ನಕ್ಕ. "ಸಿಸ್ಟರಿಗೆ ಅಣ್ಣನ ಮೇಲೆ ಎಂತ ಇಷ್ಟು ಕೋಪ?" ಎಂದು ಮಲಯಾಳದಲ್ಲಿ ಕೇಳಿದ.

"ಅಣ್ಣ ಅಲ್ವಾ, ಅದಕ್ಕೇ!" ಅವಳು ತಿರುಗಿ ನೋಡದೆ ಮಲಯಾಳದಲ್ಲೇ ಉತ್ತರಿಸಿದಳು. ಸುಳ್ಯದ ಹುಡುಗಿಗೆ ಆ ಭಾಷೆ ಹೊಸದಲ್ಲ.

ಕೈ ಚಾಚಿದ್ದ ಬೋಜ ಸಿರಿಂಜು ಕುದಿಸುವ ಸ್ಟವ್ ಎತ್ತಿಕೊಂಡು ಅವಳ ಹಿಂದೆಯೇ ನೀರಿಗಿಳಿದ.

ಅದು ೧೯೭೯ರ ಫೆಬ್ರವರಿ. ಇಬ್ಬರೂ ಪುತ್ತೂರಿನ ಒಂದು ಆಸ್ಪತ್ರೆಯ ನರ್ಸುಗಳು. ಆರು ತಿಂಗಳ ತಾತ್ಕಾಲಿಕ ಕೆಲಸಕ್ಕೆಂದು ಲಕ್ಷದ್ವೀಪಕ್ಕೆ ಬಂದವರು. ಕಿಲ್ತಾನ್, ಚೆತ್ಲಾತ್, ಕಡಮತ್ ಮುಗಿದಿದ್ದವು. ಇದು ಬಿತ್ರಾ. ಬೆರಳೆಣಿಕೆಯ ಮನೆಗಳ, ಅರ್ಧ ಗಂಟೆಯಲ್ಲಿ ಸುತ್ತಿ ಬರಬಹುದಾದ ಪುಟ್ಟ ದ್ವೀಪ.

ಕೆಲಸ ಮುಗಿದ ಮೇಲೆ ಇಬ್ಬರೂ ದ್ವೀಪ ಸುತ್ತುತ್ತಿದ್ದರು. ನೀರು ಇಳಿದಾಗ ಹವಳದ ದಿಬ್ಬದ ಮೇಲೆ ನಡೆಯುತ್ತಿದ್ದರು, ಕಾಲ ಬುಡದಲ್ಲಿ ನೀಲಿ ನಕ್ಷತ್ರಮೀನುಗಳು. ಎಲ್ಲ ಒಟ್ಟಿಗೇ... ಆದರೆ ಸೇವಂತಿ ಸದಾ ಐದು ಹೆಜ್ಜೆ ಮುಂದೆ.

ಮೊದಲು ಹೀಗಿರಲಿಲ್ಲ!

ಗುಂಡ್ಯದಲ್ಲಿ ಮಗುಚಿದ ಲಾರಿಯ ಡ್ರೈವರನನ್ನು ಪುತ್ತೂರಿಗೆ ತಂದ ದಿನ ಜೀಪಿನಲ್ಲಿ ಇದ್ದವರು ಇವರಿಬ್ಬರೇ. ಅವನ ತೊಡೆಯ ಗಾಯದ ಮೇಲೆ ಬೋಜನ ಕೈ, ಬೋಜನ ಕೈ ಮೇಲೆ ಸೇವಂತಿಯ ಕೈ. ದಾರಿಯುದ್ದಕ್ಕೂ ಒತ್ತಿ ಹಿಡಿದೇ ಇದ್ದರು. ಡ್ರೈವರ್ ಬದುಕಿದ. ರಕ್ತ ತೊಳೆದ ಮೇಲೂ ಅವಳ ಅಂಗೈಯಿಂದ ಆ ಬಿಸಿ ಹೋಗಲಿಲ್ಲ.

ದ್ವೀಪದ ಆದೇಶ ಬಂದಾಗ ಅವಳ ಅಪ್ಪ ಬೆಳ್ಯಪ್ಪ ಗೌಡರು ಖಂಡಿತ ಒಪ್ಪಲಿಲ್ಲ. "ಸಮುದ್ರದಾಚೆ ಒಂಟಿ ಹುಡುಗಿಯಾ? ನಮ್ಮವರು ಯಾರಾದ್ರೂ ಜೊತೆಗಿದ್ರೆ ಮಾತ್ರ."

ಬೋಜ ಮರುದಿನವೇ ಸುಳ್ಯದ ಅವರ ಚಾವಡಿಯಲ್ಲಿ ಹಾಜರು. ಅವನು ನರಿಮೊಗರಿನ ಬಂಟರ ಹುಡುಗ, ಬೋಜ ರೈ. ಆದರೆ ಹೇಳಿದ್ದು, "ನಾನು ಬೋಜಪ್ಪ. ನಿಮ್ಮವನೇ, ಗೌಡ."

"ಯಾವ ಬಳಿ?" ಅಪ್ಪ ಕೇಳಿದರು.

ಸೇವಂತಿ ಬಾಗಿಲ ಹಿಂದೆ ನಿಂತು ಕಿವಿಗೊಟ್ಟಳು. ಗೌಡರಲ್ಲಿ ಬಳಿಯೆಂದರೆ ಗೋತ್ರ ಇದ್ದ ಹಾಗೆ, ಒಂದೇ ಬಳಿಯವರೆಂದರೆ ಒಡಹುಟ್ಟಿದವರ ಹಾಗೆ. ಮದುವೆಯ ಮಾತೇ ಇಲ್ಲ. ಬೇರೆ ಯಾವ ಬಳಿಯಾದರೂ ಹೇಳಲಿ ದೇವರೇ...!

"ನಂದರ ಬಳಿ," ಎಂದ ಬೋಜ. ತಡವರಿಸಲಿಲ್ಲ ಕೂಡ.

"ನಮ್ದೇ!" ಅವ್ವ ದೇವಮ್ಮ ಕೈ ತಟ್ಟಿದರು. "ಹಾಗಾದ್ರೆ ನೀನು ನಮ್ಮ ಮಗನೇ ಆದೆ ಮಾರಾಯ! ಕೂತ್ಕೋ, ಕೋಳಿ ಸಾರು ಉಂಟು."

"ಇನ್ನು ಇವಳಿಗೆ ನೀನೇ ಅಣ್ಣ," ಎಂದರು ಅಪ್ಪ.

ಬೋಜ ತಲೆಯಾಡಿಸಿದ. ಕೋಳಿ ಸಾರು ಎರಡು ಸಲ ಹಾಕಿಸಿಕೊಂಡ.

'ಅಪ್ಪನ ಬಳಿ ಯಾವುದೆಂದು ಇವರಿಗೆ ಗೊತ್ತಿತ್ತು. ನಾನೇ ಹೇಳಿದ್ದೆ. ಬೇಕೆಂದೇ ಅದನ್ನು ಹಿಡಿದರು. ನನ್ನನ್ನು ದೂರ ಇಡುವುದಕ್ಕೆ ಇದಕ್ಕಿಂತ ಜಾಣ ದಾರಿ ಉಂಟಾ?' ಎಂದುಕೊಂಡಳು ಸೇವಂತಿ.

ಅಂದಿನಿಂದ ಅವನು ಅಣ್ಣ. ಊಟಕ್ಕೆ ಅಣ್ಣ, ಉಪ್ಪಿಗೆ ಅಣ್ಣ, ಥರ್ಮಾಮೀಟರಿಗೂ ಅಣ್ಣ!

ಬಿತ್ರಾದ ಕೊನೆಯ ಮಗುವಿಗೆ ಲಸಿಕೆ ಹಾಕಿ ಮುಗಿಸಿದಾಗ ಮಗುವಿನ ಅಜ್ಜಿ ಇಬ್ಬರಿಗೂ ಎಳನೀರು ಕೊಟ್ಟಳು. "ತಂಗಿಗೆ ಮದುವೆ ಮಾಡಿಸುದಿಲ್ವಾ?" ಎಂದು ಬೋಜನನ್ನು ಕೇಳಿ ಒಳಗೆ ಹೋದಳು.

ಸೇವಂತಿ ನಕ್ಕಳು. ನಗು ತುಟಿಯಲ್ಲಿತ್ತು, ಕಣ್ಣಿನಲ್ಲಿ ನೀರಿತ್ತು. "ಹೇಳಿ ಅಣ್ಣ, ಯಾವಾಗ ಮಾಡಿಸ್ತೀರಿ?"

ಬೋಜನ ಕೈಯ ಎಳನೀರು ಮರಳಿನ ಮೇಲೆ ಉರುಳಿತು.

"ಸಾಕು ಮಾರಾಯ್ತಿ! ಮೂರು ತಿಂಗಳಾಯ್ತು. ನಾನು ಇಷ್ಟ ಇಲ್ಲ ಅಂದ್ರೆ ಒಂದೇ ಸಲ ಹೇಳು. ದಿನಕ್ಕೆ ನೂರು ಸಲ ಅಣ್ಣ ಅಂತ ಚುಚ್ಚಬೇಡ!"

"ನಾನು ಚುಚ್ಚುದಾ? ನನ್ನ ಬಳಿಯನ್ನೇ ಹುಡುಕಿ ಹೇಳಿದ್ದು ಯಾರು?"

"ನಿನ್ನ ಬಳಿಯಾ?" ಅವನು ಕಣ್ಣು ಕಣ್ಣು ಬಿಟ್ಟ. "ನಿಂದು ಬಂಗಾರ ಬಳಿ ಅಲ್ವಾ?"

"ಅದು ಅವ್ವನ ತವರಿನದ್ದು!"

"ಹೌದು. ಅಮ್ಮನದ್ದೇ ತಾನೇ ಮಕ್ಕಳಿಗೆ ಬರುದು?"

"ನಮ್ಮಲ್ಲಿ ಬರುದು ಅಪ್ಪನದ್ದು!" ಎಂದಳು ಸೇವಂತಿ.

"ನಮ್ಮಲ್ಲಿ ಅಮ್ಮನದ್ದು," ಅವನ ಸ್ವರ ಇಳಿಯಿತು. "ಬಂಟರಲ್ಲಿ ಮಕ್ಕಳು ಅಮ್ಮನ ಕಡೆಯವರು. ಅದಕ್ಕೇ ನಿನ್ನ ಅಮ್ಮನ ಬಳಿ ಬಿಟ್ಟೆ. ಅಪ್ಪನದ್ದು ಹೇಳಿದ್ರೆ ಅಪ್ಪನೂ ಹತ್ತಿರ ಆಗ್ತಾರೆ, ಮುಂದೆ ಮದುವೆಗೂ ಅಡ್ಡಿ ಇಲ್ಲ ಅಂತ ಲೆಕ್ಕ ಹಾಕಿದೆ. ಬಸ್ಸಿನಲ್ಲಿ ಇಡೀ ದಾರಿ ಅದನ್ನೇ ಯೋಚಿಸಿದ್ದು..."

"ಅಪ್ಪ ಅಣ್ಣ ಅಂದಾಗ?"

"ಹುಡುಗಿಯನ್ನು ಜೊತೆಗೆ ಕಳಿಸುವಾಗ ಎಲ್ರೂ ಹಾಗೆ ಹೇಳ್ತಾರಲ್ಲ!"

ಅವಳು ನಕ್ಕಳು. ಈ ಸಲ ನಿಜವಾಗಿ. ನಗುತ್ತಾ ನಗುತ್ತಾ ಅತ್ತಳು. "ಮದುವೆಗೆ ಅಂತ ಬಂದು ಅಣ್ಣ ಆಗಿ ಕೋಳಿ ಸಾರು ಉಂಡು ಹೋದೆಯಲ್ಲ! ಬೆಪ್ಪ!"

ಮೊದಲ ಬಾರಿಗೆ ಅವಳು ಅವನನ್ನು ಏಕವಚನದಲ್ಲಿ ಕರೆದಿದ್ದಳು. ಅವನು ಕೈ ಚಾಚಿದ. ಅವಳು ಹಿಡಿದಳು. ಆ ಸಂಜೆ ಬಿತ್ರಾವನ್ನು ಎರಡು ಸುತ್ತು ಬಂದರು, ಹಿಂದೆ ಮುಂದೆ ಅಲ್ಲ, ಪಕ್ಕ ಪಕ್ಕದಲ್ಲಿ.

ಮೇ ತಿಂಗಳಲ್ಲಿ ಊರಿಗೆ ಮರಳಿದವರು ಮೊದಲು ಹೋದದ್ದು ಪುತ್ತೂರಿನ ರಿಜಿಸ್ಟ್ರಾರ್ ಕಚೇರಿಗೆ. ಬೋಜ ರೈ ಎಂಬ ನಿಜ ಹೆಸರಿನಲ್ಲೇ ಮದುವೆಯ ನೋಟಿಸು ಕೊಟ್ಟು, ಅಲ್ಲಿಂದ ನೇರ ಸುಳ್ಯಕ್ಕೆ.

ಬೋಜ ಚಾವಡಿಯಲ್ಲಿ ನಿಂತೇ ಎಲ್ಲ ಹೇಳಿದ. ಹೆಸರು, ಜಾತಿ, ಸುಳ್ಳು. ಒಂದನ್ನೂ ಬಿಡಲಿಲ್ಲ.

ಬೆಳ್ಯಪ್ಪ ಗೌಡರ ಮುಖ ಕೆಂಡವಾಯಿತು. "ನನ್ನ ಮನೆಯಲ್ಲಿ ಉಂಡು ನನಗೇ ಸುಳ್ಳಾ!"

"ತಪ್ಪು. ಅದಕ್ಕೆ ಏನು ಬೈದರೂ ಕೇಳ್ತೇನೆ. ಸೇವಂತಿಯನ್ನು ಮಾತ್ರ ಬಿಡುದಿಲ್ಲ."

ದೇವಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬೆಳ್ಯಪ್ಪ ಗೌಡರು ಅಂಗಳಕ್ಕಿಳಿದರು, ಹತ್ತಿದರು, ಮತ್ತೆ ಇಳಿದರು. ಮಗಳ ಮುಖ ನೋಡಿದರು. ಇದ್ದವಳು ಒಬ್ಬಳೇ ಮಗಳು.

ಕೊನೆಗೆ ತಗ್ಗಿದ ಸ್ವರದಲ್ಲಿ ಹೇಳಿದರು. "ಒಂದು ದಾರಿ ಉಂಟು. ಊರಿನ ದೊಡ್ಡವರಲ್ಲಿ ನಾನು ಮಾತಾಡ್ತೇನೆ. ಇವನನ್ನು ಬೇರೆ ಬಳಿಗೆ ಸೇರಿಸುವ. ಬೋಜಪ್ಪ ಗೌಡ ಅಂತಲೇ ಇರ್ಲಿ. ಬಂಟ ಅಂತ ಯಾರಿಗೂ ಹೇಳುದು ಬೇಡ. ಇದೇ ಅಂಗಳದಲ್ಲಿ ಚಪ್ಪರ ಹಾಕಿ ಧಾರೆ ಎರೆದು ಕೊಡ್ತೇನೆ. ಇದಕ್ಕಿಂತ ಹೆಚ್ಚು ನನ್ನಿಂದ ಆಗುದಿಲ್ಲ ಮಗಾ."

 ಆ ಮಾತು ಹೇಳಲು ಅಪ್ಪ ಎಷ್ಟು ಬಾಗಬೇಕಾಯಿತೆಂದು ಸೇವಂತಿಗೆ ಗೊತ್ತು. ಬೇಡವೆಂದರೆ ಈ ಅಂಗಳ ಮತ್ತೆ ಸಿಗುವುದಿಲ್ಲವೆಂದೂ ಗೊತ್ತು.

ಬೋಜ ಅವಳ ಹತ್ತಿರ ಸರಿದ. "ನಂಗೆ ಅಡ್ಡಿ ಇಲ್ಲ ಸೇವಂತಿ. ಹೆಸರು ತಾನೇ? ನಿನ್ನ ಅಪ್ಪ, ಅವ್ವ ಇರ್ತಾರಲ್ಲ ನಿನಗೆ..."

"ನಿನ್ನ ಅಮ್ಮನಿಗೆ ಯಾರು ಇರ್ತಾರೆ? ನೀನು ಅವರ ಮಗ ಅಲ್ಲ ಅಂತ ಆಗ್ತದಲ್ಲ!"

"ಅದನ್ನು ನಾನು ನೋಡಿಕೊಳ್ತೇನೆ."

"ಬದುಕಿಡೀ ಸುಳ್ಳು ಹೆಸರಿನಲ್ಲಿ ಕರೀಬೇಕಾ ನಾನು? ಮೂರು ತಿಂಗಳು ಅಣ್ಣ ಅಂತ ಕರೆದೇ ಸತ್ತುಹೋಗಿದ್ದೆ, ಬೋಜ!"

ಅವನ ಕಣ್ಣು ತುಂಬಿತು. "ಹಾಗಾದ್ರೆ ನಿನ್ನಿಷ್ಟ."

ಸೇವಂತಿ ಅಪ್ಪನ ಕಾಲು ಮುಟ್ಟಿ ಎದ್ದಳು. ಅಳಲಿಲ್ಲ. ನೆಟ್ಟಗೆ ಅವರ ಮುಖ ನೋಡಿದಳು.

"ಬೋಜಪ್ಪ ಗೌಡನನ್ನು ನಾನು ಮದುವೆ ಆಗುದಿಲ್ಲ ಅಪ್ಪ."